ಬಾತ್‌ರೂಮ್ ಹೊಸದು ಮಾಡಿಸಿದ್ಮೇಲೆ ನೀರೇ ಇಳೀತಿಲ್ಲ, ಟೈಲ್ಸ್ ಒಡೀಲೇಬೇಕಾ?

ಹನುಮಂತನಗರ_ಮೇಲ್ಮನೆ

ತಲೆ ಕೆಟ್ಟೋಗಿ ಬರೀತಿದೀನಿ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ. ಹನುಮಂತನಗರದಲ್ಲಿ 30-40 ಸೈಟು, 1994ರಲ್ಲಿ ಅಪ್ಪ ಕಟ್ಟಿಸಿದ ಮನೆ, ಕೆಳಗೆ ಬಾಡಿಗೆಯವ್ರು, ಮೇಲೆ ನಾವು. ದಸರಾ ಮುಗಿದ್ಮೇಲೆ ಎರಡು ಬಾತ್‌ರೂಮೂ ಒಡೆಸಿ ಹೊಸ ಟೈಲ್ಸು, ಹೊಸ ಕಮೋಡು, ಗೋಡೆ ಒಳಗೆ ಡೈವರ್ಟರು, ತಲೆ ಮೇಲೆ ಊಟದ ತಟ್ಟೆಯಷ್ಟಗಲ ಶವರು ಎಲ್ಲಾ ಹಾಕಿಸಿದ್ವಿ. ಎರಡೂವರೆ ತಿಂಗಳು ಧೂಳು ಕುಡಿದು, ಸ್ನಾನಕ್ಕೆ ಅಕ್ಕನ ಮನೆಗೆ ಓಡಾಡಿ, ಅಂತೂ ಸಂಕ್ರಾಂತಿ ಬೆಳಗ್ಗೆ ಎಣ್ಣೆ ಸ್ನಾನಕ್ಕೆ ಮೊದಲು ಅಮ್ಮ ಹೋದ್ರು. ಎರಡನೇ ಬಕೆಟ್ ಮುಗಿಯೋ ಹೊತ್ತಿಗೆ ಒಳಗಿಂದ ಕೂಗು, "ಏನೋ ಇದು, ಕೆರೆ ಕಟ್ಟಿಸಿದೀಯಾ?" ನೋಡಿದ್ರೆ ಅವರ ಮಣೆ ಮುಳುಗಿದೆ, ಸೀಗೆಕಾಯಿ ಪುಡಿ ತೇಲ್ತಿದೆ.

ಕಂಟ್ರ್ಯಾಕ್ಟರ್‌ಗೆ ಫೋನ್ ಮಾಡಿದ್ರೆ "ಹೊಸದಲ್ವಾ ಸಾರ್, ಬಳಸ್ತಾ ಬಳಸ್ತಾ ಸೆಟ್ ಆಗುತ್ತೆ" ಅಂತಾರೆ. ಬಾತ್‌ರೂಮ್ ಏನು ಹೊಸ ಚಪ್ಪಲಿನಾ ಸೆಟ್ ಆಗೋಕೆ? ಅಂಗಡಿಯಿಂದ ಡ್ರೇನ್ ಕ್ಲೀನರ್ ಪುಡಿ ತಂದು ಎರಡು ಪ್ಯಾಕೆಟ್ ಹಾಕಿದೆ, ಏನೂ ಪ್ರಯೋಜನ ಆಗ್ಲಿಲ್ಲ. ನಿನ್ನೆ ಬೇರೆ ಪ್ಲಂಬರ್ ಬಂದು ಎರಡು ನಿಮಿಷ ನೋಡಿ "ಟೈಲ್ಸ್ ಒಡೀಬೇಕು, ಎರಡಕ್ಕೂ ಸೇರಿ ಇಪ್ಪತ್ತೆರಡು ಸಾವಿರ" ಅಂದ್ರು. ಹೊಸ ಟೈಲ್ಸ್ ಮೇಲೆ ಸುತ್ತಿಗೆ ಬೀಳೋದು ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಒಡೀದೆ ಏನಾದ್ರೂ ದಾರಿ ಇದ್ಯಾ?

ಬಿಸಿಬೇಳೆ_ಬಾಯ್

ನೆಲಕ್ಕೆ ವಾಟ, ಅಂದ್ರೆ ಇಳಿಜಾರು, ಕೊಟ್ಟಿಲ್ಲ ಗುರು. ಕೇಸ್ ಕ್ಲೋಸ್.

ಯಲಹಂಕ_ಅಕ್ಕ

ಅಷ್ಟು ಬೇಗ ಕ್ಲೋಸ್ ಮಾಡ್ಬೇಡಪ್ಪ ತಮ್ಮ. ಮೊದ್ಲು ನಾಕು ಪ್ರಶ್ನೆ ಕೇಳ್ತೀನಿ. ಎರಡು ಬಾತ್‌ರೂಮೂ ಒಂದೇ ಥರ ನಿಧಾನನಾ? ಕಮೋಡ್ ಫ್ಲಶ್ ಮಾಡಿದ್ರೆ ನೆಲದ ಜಾಲಿಯಿಂದ ಗುಳುಗುಳು ಅಂತ ಸದ್ದು ಬರುತ್ತಾ? ಕೆಳಗಿನ ಮನೆಯವ್ರಿಗೆ ಏನಾದ್ರೂ ತೊಂದ್ರೆ ಇದ್ಯಾ? ಆಮೇಲೆ ಜಾಲಿ ಯಾವ್ದು ಹಾಕಿಸಿದೀರ, ಒಳಗೆ ಜಿರಲೆ ಬರದೇ ಇರೋ ಬಟ್ಟಲು ಇರೋದಾ?

ಹನುಮಂತನಗರ_ಮೇಲ್ಮನೆ

ಎರಡೂ ನಿಧಾನ, ಆದ್ರೆ ಒಂದೇ ಥರ ಅಲ್ಲ ಅಕ್ಕ. ಕಾಮನ್ ಬಾತ್‌ರೂಮಲ್ಲಿ ಜಾಲಿ ಸುತ್ತಾನೇ ನೀರು ನಿಂತು ಮೆಲ್ಲಗೆ ಇಳಿಯುತ್ತೆ. ಅಟ್ಯಾಚ್ಡ್‌ದು ಮೊದಲು ಸರಿಯಾಗೇ ಹೋಗುತ್ತೆ, ಒಂದು ಬಕೆಟ್ ಆದ್ಮೇಲೆ ನಿಲ್ಲೋಕೆ ಶುರು ಆಗುತ್ತೆ, ಅಲ್ಲಿ ವಾಶ್ ಬೇಸಿನ್ ನೀರು ಬಿಟ್ರೂ ಜಾಲಿ ಹತ್ರ ಗುಳುಕ್ ಅನ್ನುತ್ತೆ. ಫ್ಲಶ್ ಎರಡ್ರಲ್ಲೂ ಚೆನ್ನಾಗಿದೆ. ಕೆಳಗಿನವ್ರು ಏನೂ ಹೇಳಿಲ್ಲ, ಬಾಡಿಗೆ ದಿನಾನೂ ಏನೂ ಹೇಳಲ್ಲ ಅದು ಬೇರೆ ಮಾತು. ಜಾಲಿ ಹೌದು, ಜಿರಲೆ ಬಟ್ಟಲು ಇರೋದೇ.

ರಿಟೈರ್ಡ್_ಸೈಟ್_ಇಂಜಿನಿಯರ್

ಮೂವತ್ತು ವರ್ಷ ಕಟ್ಟಡದ ಕೆಲಸದಲ್ಲೇ ಇದ್ದೋನು, ನೋಡಿದ್ದನ್ನ ಹೇಳ್ತೀನಿ. ಎರಡು ಕಾಯಿಲೆನ ಮೊದಲು ಬೇರೆ ಮಾಡ್ಕೊಳಿ. ನೀರು ಜಾಲಿಯಿಂದ ದೂರ, ಮೂಲೇಲೋ ಬಾಗಿಲ ಹತ್ರನೋ ನಿಲ್ಲುತ್ತೆ ಅಂದ್ರೆ ಅದು ನೆಲದ ವಾಟದ ತಪ್ಪು. ಜಾಲಿ ಸುತ್ತಾನೇ ಕೆರೆ ಆಗಿ ನಿಧಾನಕ್ಕೆ ಇಳಿಯುತ್ತೆ ಅಂದ್ರೆ ನೀರು ಬರಬೇಕಾದ ಕಡೆಗೆ ಬಂದಿದೆ, ಹೋಗೋಕೆ ದಾರಿ ಇಲ್ಲ ಅಷ್ಟೇ, ಅದು ಜಾಲಿದೋ, ಟ್ರ್ಯಾಪ್‌ದೋ (ಜಾಲಿ ಕೆಳಗೆ ವಾಸನೆ ತಡೆಯೋಕೆ ನೀರು ನಿಲ್ಲೋ ಬಾಗು), ಪೈಪ್‌ದೋ ತಪ್ಪು. ನಿಮ್ಮದು ಎರಡನೇ ಜಾತಿ, ಇದಕ್ಕೆ ಇಡೀ ನೆಲ ಒಡೆದು ವಾಟ ಸರಿ ಮಾಡಿದ್ರೂ ಅದೇ ಕೆರೆ ಇನ್ನೂ ಬೇಗ ತುಂಬುತ್ತೆ. ಪ್ಲಂಬರ್ ಎರಡು ನಿಮಿಷದಲ್ಲಿ ಒಡೀಬೇಕು ಅಂದಿದ್ದಕ್ಕೆ ನನಗೆ ಸಿಟ್ಟು ಬರ್ತಿರೋದು ಅದಕ್ಕೇ.

ವಾಟದ ಅನುಮಾನ ಇದ್ರೆ ಅದನ್ನೂ ಈಗ್ಲೇ ಮುಗಿಸ್ಕೊಳಿ. ರಸಮಟ್ಟ ಇಲ್ದಿದ್ರೆ ಮಕ್ಕಳ ಗೋಲಿ ಸಾಕು, ಒಣಗಿದ ನೆಲದ ಮೇಲೆ ನಾಕು ಮೂಲೆಯಿಂದ್ಲೂ ಬಿಡಿ. ಐದು ಅಡಿ ಉದ್ದಕ್ಕೆ ಒಂದು ಇಂಚು ಇಳಿಜಾರು ಇದ್ರೆ ಸ್ನಾನದ ಜಾಗಕ್ಕೆ ಚೆನ್ನಾಗಿ ಆಯ್ತು.

ಆಮೇಲೆ ಬಕೆಟ್ ಟೆಸ್ಟು. 20 ಲೀಟರ್ ಬಕೆಟ್ ತುಂಬಿ ಜಾಲಿ ಮೇಲೆ ಸುರೀರಿ, ಮೊಬೈಲಲ್ಲಿ ಟೈಮ್ ನೋಡಿ. ಎರಡನೇ ಸಲ ಜಿರಲೆ ಬಟ್ಟಲು ತೆಗೆದು ಸುರೀರಿ. ಮೂರನೇ ಸಲ ಜಾಲೀನೂ ತೆಗೆದು ಬರೀ ಬಾಯಿಗೆ ಸುರೀರಿ. 75 ಎಂಎಂ ಪೈಪ್ ಸರಿಯಾಗಿದ್ರೆ ಹೆಚ್ಚುಕಮ್ಮಿ ನೀವು ಸುರಿದಷ್ಟೇ ವೇಗದಲ್ಲಿ ನೀರು ಹೋಗ್ಬೇಕು. ಯಾವ ಸಲ ವ್ಯತ್ಯಾಸ ಬಂತು ಅನ್ನೋದ್ರಲ್ಲೇ ಅರ್ಧ ಉತ್ತರ ಇದೆ.

ಒಂದು ಎಚ್ಚರಿಕೆ. ಆ ಪುಡೀಲಿ ಸಾಮಾನ್ಯವಾಗಿ ಇರೋದು ಕಾಸ್ಟಿಕ್ ಸೋಡಾ. ಟ್ರ್ಯಾಪಲ್ಲಿ ಇನ್ನೂ ಉಳಿದಿರ್ಬಹುದು. ತಣ್ಣೀರು ಧಾರಾಳವಾಗಿ ಬಿಟ್ಟು ತೊಳೆದ್ಮೇಲೆ ಕೈ ಹಾಕಿ, ಉದ್ದ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ ಇಲ್ದೆ ಬಗ್ಗಬೇಡಿ.

ಪೈಪ್_ಪುರಾಣ

ಇಷ್ಟೆಲ್ಲ ಯಾಕೆ, ಅರ್ಧ ಲೀಟರ್ ಆಸಿಡ್ ತಂದು ಸುರೀರಿ, ಬುರಬುರ ಅಂತ ಎಲ್ಲಾ ಕ್ಲೀನ್ ಆಗುತ್ತೆ. ನಮ್ಮ ಮನೇಲಿ ತಿಂಗಳಿಗೊಂದು ಸಲ ಇದೇ ಮಾಡೋದು.

ರಿಟೈರ್ಡ್_ಸೈಟ್_ಇಂಜಿನಿಯರ್

ದಯವಿಟ್ಟು ಬೇಡ ಸ್ವಾಮಿ. ಒಳಗೆ ಕಾಸ್ಟಿಕ್ ಇದ್ದಾಗ ಮೇಲೆ ಆಸಿಡ್ ಸುರಿದ್ರೆ ಬಿಸಿಯಾಗಿ ಮುಖಕ್ಕೇ ಸಿಡಿಯುತ್ತೆ. ಬ್ಲೀಚ್ ಹಾಕಿರೋ ಕಡೆ ಆಸಿಡ್ ಸುರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಕಿಟಕಿ ಇಲ್ಲದ ಬಾತ್‌ರೂಮಲ್ಲಿ ಅದು ಪ್ರಾಣಕ್ಕೇ ಕುತ್ತು. ಅಲ್ದೆ ಹೊಸ ಟೈಲ್ಸ್ ಮಧ್ಯದ ಸಿಮೆಂಟ್ ಗ್ರೌಟನ್ನ ಆಸಿಡ್ ತಿನ್ನುತ್ತೆ, ಆಮೇಲೆ ಸಂದೀಲಿ ನೀರು ಇಳಿದು ಕೆಳಗಿನ ಮನೆ ಸೀಲಿಂಗ್ ಒದ್ದೆ ಆಗುತ್ತೆ. ಕೆಲವರು ಕುದಿಯೋ ನೀರು ಸುರೀತಾರೆ, ಪಿವಿಸಿ ಪೈಪ್‌ಗೆ ಅದೂ ಒಳ್ಳೇದಲ್ಲ, ಮೆತ್ತಗಾಗಿ ಜಾಯಿಂಟ್ ಸೊಟ್ಟ ಆಗುತ್ತೆ.

ಪೈಪ್_ಪುರಾಣ

ಸರಿ ಸಾರ್ ಸರಿ. ಅದಕ್ಕೇ ಇರ್ಬೇಕು ನಮ್ಮ ಮನೆ ಜಾಲಿ ವರ್ಷಕ್ಕೊಂದು ಸಲ ತೂತಾಗೋದು.

ಥಣಿಸಂದ್ರ_ಬೋರ್‌ವೆಲ್

ನಮ್ಮ ಕಡೆ ಇನ್ನೊಂದು ಕಥೆ. ಬೋರ್ ನೀರು ಗಡಸು, ಸೋಪ್ ಹಾಕಿದ್ರೆ ನೊರೆ ಬರೋ ಬದ್ಲು ಒಡೆದ ಹಾಲಿನ ಥರ ಬಿಳೀದು ಕಟ್ಕೊಳುತ್ತೆ, ಅದಕ್ಕೆ ಕೂದ್ಲು ಸೇರಿದ್ರೆ ಜಿರಲೆ ಬಟ್ಟಲ ಸುತ್ತ ಹಗ್ಗ ಹೊಸೆದಂಗೆ ಆಗುತ್ತೆ. ವಾರಕ್ಕೊಂದು ಸಲ ತೆಗೆದು ಹಳೇ ಟೂತ್‌ಬ್ರಷಲ್ಲಿ ಉಜ್ಜಿದ್ರೆ ಮಾತ್ರ ನೀರು ಇಳಿಯೋದು. 2024ರಲ್ಲಿ ಕಾವೇರಿ ಐದನೇ ಹಂತ ಚಾಲೂ ಆದ್ಮೇಲೂ ನಮ್ಮ ಬಿಲ್ಡಿಂಗಲ್ಲಿ ಎರಡೂ ನೀರು ಬೆರೆಸೇ ಬಿಡೋದು. ಆದ್ರೆ ನಿಮ್ಮದು ಮೊದಲನೇ ಸ್ನಾನಕ್ಕೇ ಕೈ ಕೊಟ್ಟಿದೆ ಅಂದ್ರೆ ಸೋಪ್, ಕೂದ್ಲು ಅಲ್ಲವೇ ಅಲ್ಲ.

ಯಲಹಂಕ_ಅಕ್ಕ

ಅದೇ ನಾನೂ ಹೇಳೋಕೆ ಹೊರಟಿದ್ದು! ಬಳಸೋಕೆ ಮುಂಚೆನೇ ಕಟ್ಟಿದೆ ಅಂದ್ರೆ ಕಟ್ಟಿದ್ದು ಕೆಲಸದವ್ರ ಸಾಮಾನು. ನಮ್ಮ ಮನೇಲಿ ಗ್ರೌಟ್ ತುಂಬಿದ ದಿನ ನಾನೇ ಕಣ್ಣಾರೆ ನೋಡಿದೀನಿ, ಆ ಹುಡುಗ ಬಾಂಡ್ಲಿ ತೊಳೆದ ನೀರು, ಸ್ಪಂಜು ಹಿಂಡಿದ ನೀರು ಎಲ್ಲಾ ತಗೊಂಡೋಗಿ ಅದೇ ಜಾಲಿ ಕೆಳಗಿನ ಟ್ರ್ಯಾಪಿಗೆ ಸುರೀತಿದ್ದ. ಕೇಳಿದ್ರೆ "ನೀರೇ ಅಲ್ವಾ ಆಂಟಿ". ನೀರೇ, ಆದ್ರೆ ಅದ್ರಲ್ಲಿರೋ ಸಿಮೆಂಟು ಟ್ರ್ಯಾಪ್ ತಳದಲ್ಲಿ ಕೂತು ಮಾರನೇ ದಿನಕ್ಕೆ ಕಲ್ಲು. ಕಾಸ್ಟಿಕ್ ಕೂದ್ಲು ಜಿಡ್ಡು ಕರಗಿಸುತ್ತೆ, ಸಿಮೆಂಟ್ ಮುಂದೆ ಅದರ ಆಟ ನಡೆಯಲ್ಲ.

ಹನುಮಂತನಗರ_ಮೇಲ್ಮನೆ

ಟೆಸ್ಟ್ ಮಾಡ್ದೆ. ಕಾಮನ್ ಬಾತ್‌ರೂಮು: ಎಲ್ಲಾ ಇದ್ದಾಗ 2 ನಿಮಿಷ 50 ಸೆಕೆಂಡ್, ಬಟ್ಟಲು ತೆಗೆದ್ರೆ 2 ನಿಮಿಷ 10, ಜಾಲೀನೂ ತೆಗೆದ್ರೂ 2 ನಿಮಿಷನೇ. ಅಟ್ಯಾಚ್ಡು: ಮೊದಲನೇ ಬಕೆಟ್ಟು ಜಾಲಿ ಬಟ್ಟಲು ಎಲ್ಲಾ ಇದ್ದಾಗ್ಲೇ 40 ಸೆಕೆಂಡು, ಎರಡೂ ತೆಗೆದ್ರೆ ಇನ್ನೂ ಬೇಗ, ಆದ್ರೆ ಹಿಂದೇನೇ ಇನ್ನೊಂದು ಬಕೆಟ್ ಸುರಿದ್ರೆ ಬಾಯಿ ತನಕ ತುಂಬಿ ಗುಳುಕ್ ಗುಳುಕ್ ಅಂತ ನಿಂತು ನಿಂತು ಹೋಗುತ್ತೆ. ಗೋಲಿ ಎರಡು ಕಡೆನೂ ಸೀದಾ ಜಾಲಿಗೇ ಓಡ್ತು, ಪಾಪ ಟೈಲ್ಸ್ ಹಾಕಿದೋರು ವಾಟ ಚೆನ್ನಾಗೇ ಕೊಟ್ಟಿದಾರೆ.

ಹಿಂದಿನ ಸಂದೀಲಿರೋ ಒಳಚರಂಡಿ ಚೇಂಬರ್ ಮುಚ್ಚಳ ತೆಗೆದು ಕೆಳಗಿನ ಮನೆ ಅಂಕಲ್‌ನ ನಿಲ್ಲಿಸಿ ಮೇಲಿಂದ ನೀರು ಬಿಟ್ಟೆ. ಚೇಂಬರ್ ಖಾಲಿ ಇದೆ, ನೀರು ನಿಂತಿಲ್ಲ. ಕಾಮನ್ ಬಾತ್‌ರೂಮ್ ನೀರು ಸಣ್ಣ ದಾರದ ಥರ ಬರ್ತಿದೆ ಅಂದ್ರು, ಜೊತೆಗೆ ಬೂದು ಬಣ್ಣದ ಚೂರು, ಬೆರಳಲ್ಲಿ ಒತ್ತಿದ್ರೆ ಪುಡಿ ಆಗುತ್ತಂತೆ.

ರಿಟೈರ್ಡ್_ಸೈಟ್_ಇಂಜಿನಿಯರ್

ಭೇಷ್. ಚೇಂಬರ್ ಖಾಲಿ ಅಂದ್ಮೇಲೆ ರಸ್ತೆ ಲೈನಿನ ಚಿಂತೆ ಬಿಡಿ, ಫ್ಲಶ್ ಚೆನ್ನಾಗಿದೆ ಅಂದ್ಮೇಲೆ ಅದಕ್ಕೆ ಇನ್ನೊಂದು ಸಾಕ್ಷಿ. ಕಾಮನ್‌ದು ಟ್ರ್ಯಾಪಲ್ಲೋ ಅದರ ಪಕ್ಕದ ಬೆಂಡಲ್ಲೋ ಗಟ್ಟಿ ಅಡ್ಡ ಇದೆ. ಅಟ್ಯಾಚ್ಡ್‌ದು ಬೇರೆ ಕಥೆ, ಮೊದಲ ಬಕೆಟ್‌ನ ನುಂಗಿ ಎರಡನೇದಕ್ಕೆ ತೇಗ್ತಿದೆ ಅಂದ್ರೆ ಗಾಳಿ ಹೋಗೋಕೆ ಜಾಗ ಇಲ್ಲ, ಇಲ್ಲಾ ಪೈಪ್ ಮಧ್ಯ ಹೊಟ್ಟೆ ಬಿಟ್ಟು ಅಲ್ಲಿ ಯಾವಾಗ್ಲೂ ನೀರು ನಿಂತಿದೆ. ಟೆರೇಸ್ ಮೇಲೆ ಹೋಗಿ ಗಾಳಿ ಪೈಪಿನ ಬಾಯಿ ನೋಡಿ. ಸೋಲಾರ್ ಸ್ಟ್ಯಾಂಡ್ ಇಡೋವಾಗ ಅಡ್ಡ ಬಂತು ಅಂತ ಕೊಯ್ದು ಕ್ಯಾಪ್ ಹಾಕಿರೋದನ್ನ ಎಷ್ಟು ಮನೇಲಿ ನೋಡಿದೀನೋ ಲೆಕ್ಕ ಇಲ್ಲ.

ಈಗ ಒಡೀದೇ ಇರೋ ದಾರಿ. ನಿಮ್ಮ ಥರದ ಮನೆಗಳಲ್ಲಿ ಪೈಪ್ ಗೋಡೆಯಿಂದ ಆಚೆ ಬಂದು ಸಂದೀಲಿ ಕೆಳಗಿಳಿಯುತ್ತೆ. ಆ ತಿರುವಲ್ಲಿ ಡೋರ್ ಬೆಂಡ್ ಇರುತ್ತೆ, ಮುಚ್ಚಳಕ್ಕೆ ಸ್ಕ್ರೂ. ಏಣಿ ಹಾಕಿ ಅದನ್ನ ತೆಗೆದ್ರೆ ಆಚೆಯಿಂದ್ಲೇ ಪೈಪ್ ಕ್ಲೀನ್ ಮಾಡೋ ಉದ್ದ ಸ್ಪ್ರಿಂಗ್ ಬಿಡಬಹುದು. ಒಳಗಿಂದ ಬಿಟ್ರೆ ಟ್ರ್ಯಾಪಿನ ಬಾಗು ದಾಟೋಕೆ ಸ್ಪ್ರಿಂಗ್ ಒದ್ದಾಡುತ್ತೆ. ಏಣಿ ಹಿಡಿಯೋಕೆ ಒಬ್ರು ಇರ್ಲಿ, ಮುಚ್ಚಳ ಬಿಚ್ಚೋವಾಗ ನೇರ ಕೆಳಗೆ ಯಾರೂ ನಿಲ್ಲೋದು ಬೇಡ, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ವಿಜಯನಗರ_ಗ್ರೌಂಡ್‌ಫ್ಲೋರ್

ಮಧ್ಯದಲ್ಲಿ ಬಾಯಿ ಹಾಕ್ತೀನಿ. ನಮ್ಮದು ನೆಲಮಹಡಿ, ಜೋರು ಮಳೆ ಬಂದ್ರೆ ಬಾತ್‌ರೂಮ್ ಜಾಲಿಯಿಂದ ನೀರು ಮೇಲಕ್ಕೇ ಬರುತ್ತೆ. ಇದಕ್ಕೂ ಟ್ರ್ಯಾಪ್ ಕ್ಲೀನ್ ಮಾಡಿಸ್ಬೇಕಾ?

ರಿಟೈರ್ಡ್_ಸೈಟ್_ಇಂಜಿನಿಯರ್

ಇಲ್ಲ, ನಿಮ್ಮದು ರಸ್ತೆ ಲೈನ್ ತುಂಬಿ ಹಿಂದಕ್ಕೆ ಒತ್ತೋದು. ಬೀದಿಯಲ್ಲಿ ಯಾರೋ ಟೆರೇಸ್ ಮಳೆ ನೀರನ್ನ ಒಳಚರಂಡಿಗೆ ಸೇರಿಸಿರ್ತಾರೆ, ಅದು ಸೇರಿಸೋ ಹಾಗೇ ಇಲ್ಲ. ಜಲಮಂಡಳಿ 1916ಕ್ಕೆ ಕಂಪ್ಲೇಂಟ್ ಕೊಡಿ, ಜೆಟ್ಟಿಂಗ್ ಗಾಡಿ ಕಳಿಸ್ತಾರೆ. ದುಡ್ಡು ಕೊಟ್ಟು ಯಾರನ್ನೂ ಮ್ಯಾನ್‌ಹೋಲ್ ಒಳಗೆ ಇಳಿಸ್ಬೇಡಿ, 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅದು ಅಪರಾಧ, ಅಪರಾಧ ಆಗಿರದಿದ್ರೂ ಮಾಡೋ ಕೆಲಸ ಅಲ್ಲ. ನಿಮ್ಮ ಚೇಂಬರಿಂದ ರಸ್ತೆಗೆ ಹೋಗೋ ಕಡೆ ನೀರು ವಾಪಸ್ ಬರದ ಹಾಗೆ ವಾಲ್ವ್ ಹಾಕಿಸೋದನ್ನೂ ಯೋಚ್ನೆ ಮಾಡಿ.

ಬಿಸಿಬೇಳೆ_ಬಾಯ್

ಟಾಪಿಕ್‌ಗೆ ವಾಪಸ್ ಬನ್ನಿ, ಹನುಮಂತನಗರದವ್ರು ಏಣಿ ಮೇಲಿಂದ ಇಳಿದ್ರಾ ಇಲ್ವಾ?

ಹನುಮಂತನಗರ_ಮೇಲ್ಮನೆ

ಇಳಿದೆ, ಸ್ನಾನ ಎರಡು ಸಲ ಮಾಡಿ ಬರೀತಿದೀನಿ.

ಭಾನುವಾರ ಬೆಳಗ್ಗೆ ನಾನು, ಭಾವ, ಪರಿಚಯದ ಒಬ್ರು ವಯಸ್ಸಾದ ಪ್ಲಂಬರ್, ಮೂವರು. ಡೋರ್ ಬೆಂಡ್ ಸ್ಕ್ರೂ ತುಕ್ಕು ಹಿಡಿದು ಒಂದು ಮುರೀತು, ಉಳಿದಿದ್ದು ಬಂತು. ಮೊದ್ಲು ಒಳಗಿಂದ ಟ್ರ್ಯಾಪಿಗೆ ಕೈ ಹಾಕಿದ್ರು ಅವರು, ಮೊಣಕೈ ಅರ್ಧ ತನಕ. ಕಣ್ಣು ಮುಚ್ಕೊಂಡು ಬೆರಳಾಡಿಸಿ "ಇಲ್ಲಿ ನೆಲ ಮೇಲೆ ಬಂದಿದೆಯಲ್ಲಾ" ಅಂದ್ರು. ಟ್ರ್ಯಾಪಲ್ಲಿ ಎರಡು ಇಂಚು ನೀರು ನಿಲ್ಲಬೇಕಾದ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಗಟ್ಟಿ ಸಿಮೆಂಟು. ನಮ್ಮ ಕಂಟ್ರ್ಯಾಕ್ಟರ್ ಕಾಮನ್ ಬಾತ್‌ರೂಮಲ್ಲಿ ಹಳೇ ಬೀಡು ಕಬ್ಬಿಣದ ಟ್ರ್ಯಾಪನ್ನೇ ಉಳಿಸ್ಕೊಂಡು ಮೇಲೆ ಪೈಪ್ ತುಂಡು ಸಿಕ್ಕಿಸಿ ಎತ್ತರ ಮಾಡಿದಾರೆ, ಬಿಲ್ಲಲ್ಲಿ ಮಾತ್ರ ಎರಡು ಹೊಸ ಟ್ರ್ಯಾಪಿಗೆ ದುಡ್ಡು ಹಾಕಿದಾರೆ. ಅದು ಆಮೇಲೆ.

ಸಣ್ಣ ಉಳಿ ಇಟ್ಟು ಮೆಲ್ಲಗೆ ತಟ್ಟಿ ತಟ್ಟಿ ಕೆರೆದು ತೆಗೆದ್ರು. ಜೋರಾಗಿ ಹೊಡೆದ್ರೆ ಬೀಡು ಸೀಳುತ್ತೆ ಅಂತ ಒಂದೂವರೆ ಗಂಟೆ ಹಿಡೀತು, ಹಲ್ಲಿನ ಡಾಕ್ಟರ್ ಕೆಲಸದ ಥರ. ತಟ್ಟೆಯಲ್ಲಿ ಹಾಕ್ತಾ ಹೋದ್ರೆ ಕಡ್ಲೆಬೀಜದ ಚಿಕ್ಕಿ ಥರ ಚಪ್ಪಟೆ ಚಪ್ಪಟೆ ತುಂಡು, ಒಂದು ಕಡೆ ನಮ್ಮ ಗ್ರೌಟ್ ಬಣ್ಣನೇ, ತಿಳಿ ಬೂದು, ನಾನೇ ಆರಿಸಿದ್ದು. ಆದ್ರೂ ನೀರು ಪೂರ್ತಿ ಹೋಗ್ಲಿಲ್ಲ. ಆಚೆಯಿಂದ ಸ್ಪ್ರಿಂಗ್ ಬಿಟ್ಟು ತಿರುಗಿಸಿದ್ರೆ ಏನೋ ಮೆತ್ತಗೆ ಸಿಕ್ಕಿ ಸುತ್ತಿಕೊಳ್ತು, ಎಳೆದ್ರೆ... ಗೋಣಿಚೀಲ! ಪೂರ್ತಿ ಚೀಲ ಅಲ್ಲ, ಒಂದು ಮೊಳ ಉದ್ದದ ತುಂಡು, ಅದ್ರೊಳಗೆ ಸಿಮೆಂಟು, ಒಂದು ಟೈಲ್ಸ್ ಸ್ಪೇಸರು, ಒಂದು ಗುಟ್ಕಾ ಪ್ಯಾಕೆಟ್ಟು. ಒಡೆಯೋವಾಗ ಕಸ ಬೀಳಬಾರ್ದು ಅಂತ ಪೈಪ್ ಬಾಯಿಗೆ ತುರುಕಿ ಆಮೇಲೆ ತೆಗೆಯೋದು ಮರೆತಿದಾರೆ. ಅಂದ್ರೆ ಕಸ ಬೀಳಬಾರ್ದು ಅನ್ನೋ ಒಳ್ಳೇ ಬುದ್ಧಿನೇ ನಮ್ಮನ್ನ ಮುಳುಗಿಸಿದ್ದು.

ಈಗ ಬಕೆಟ್ ಸುರಿದ್ರೆ 15 ಸೆಕೆಂಡಲ್ಲಿ ಬುರ್ ಅಂತ ಮಾಯ. ಅಮ್ಮ ಬಂದು ಎರಡು ಚೊಂಬು ಹಾಕಿ ನೋಡಿ, ಏನೂ ಹೇಳ್ದೆ ಹೋಗಿ ಪ್ಲಂಬರ್‌ಗೆ ಕಾಫಿ ಮಾಡಿದ್ರು.

ಥಣಿಸಂದ್ರ_ಬೋರ್‌ವೆಲ್

ಗೋಣಿಚೀಲದ ಫೋಟೋ ಕಂಟ್ರ್ಯಾಕ್ಟರ್‌ಗೆ ಕಳಿಸಿ, "ಸೆಟ್ ಆಯ್ತು ಸಾರ್" ಅಂತ ಬರೀರಿ.

ಯಲಹಂಕ_ಅಕ್ಕ

ಕೊನೇ ಕಂತು ಇನ್ನೂ ಕೊಟ್ಟಿಲ್ಲ ತಾನೆ? ಆ ತುಂಡುಗಳನ್ನ ಬಿಸಾಕ್ಬೇಡಿ, ಒಂದು ಕವರಲ್ಲಿ ಕಟ್ಟಿಟ್ಕೊಳಿ. ನಾನಂತೂ ಮುಂದಿನ ಸಲ ಕೆಲಸ ಶುರು ಆಗೋ ದಿನವೇ ಬಾಂಡ್ಲಿ ತೊಳೆಯೋಕೆ ಬೇರೆ ಡ್ರಮ್ ಇಡ್ತೀನಿ, ಬಿಲ್ ಮುಗಿಸೋ ಮುಂಚೆ ಪ್ರತಿ ಜಾಲಿಗೂ ಎರಡೆರಡು ಬಕೆಟ್ ಅವರ ಕೈಲೇ ಸುರಿಸ್ತೀನಿ. ಅಟ್ಯಾಚ್ಡ್ ಏನಾಯ್ತು?

ಹನುಮಂತನಗರ_ಮೇಲ್ಮನೆ

ಅದು ಇನ್ನೂ ಮುಗಿದಿಲ್ಲ ಅಕ್ಕ. ಟೆರೇಸ್ ಗಾಳಿ ಪೈಪ್ ಚೆನ್ನಾಗಿದೆ, ಬಾಯಲ್ಲಿ ಪಾರಿವಾಳ ಕಡ್ಡಿ ತಂದಿಟ್ಟಿತ್ತು, ತೆಗೆದೆ, ವ್ಯತ್ಯಾಸ ಆಗ್ಲಿಲ್ಲ. ಭಾವ ಎಸ್‌.ಪಿ. ರೋಡಿಂದ ಮೊಬೈಲಿಗೆ ಸಿಕ್ಕಿಸೋ ಉದ್ದ ವೈರಿನ ಕ್ಯಾಮೆರಾ ತಂದಿದ್ರು, ಡೋರ್ ಬೆಂಡ್ ಕಡೆಯಿಂದ ಬಿಟ್ವಿ. ಪೈಪ್ ಒಳಗೆ ಒಂದಡಿ ಒಣಗಿದೆ, ಆಮೇಲೆ ಕ್ಯಾಮೆರಾ ನೀರೊಳಗೆ ಮುಳುಗುತ್ತೆ, ಒಂದೂವರೆ ಅಡಿ ಬರೀ ಮಬ್ಬು, ಆಮೇಲೆ ಮತ್ತೆ ಮೇಲೆ ಬರುತ್ತೆ. ಇಂಜಿನಿಯರ್ ಸಾರ್ ಹೇಳಿದ ಹೊಟ್ಟೆ ಇದೇ ಅಲ್ವಾ?

ರಿಟೈರ್ಡ್_ಸೈಟ್_ಇಂಜಿನಿಯರ್

ಅದೇ. ಪೈಪ್ ಕೆಳಗೆ ಗಟ್ಟಿ ಆಧಾರ ಕೊಡದೆ ಸಡಿಲ ಮಣ್ಣು, ಇಟ್ಟಿಗೆ ಚೂರು ತುಂಬಿ ಮೇಲೆ ಕಾಂಕ್ರೀಟ್ ಸುರಿದಾಗ ಮಧ್ಯ ಕುಸಿದಿದೆ. ಬೇಸಿನ್ ನೀರೂ ಅದೇ ಟ್ರ್ಯಾಪಿಗೆ ಬರೋದ್ರಿಂದ, ಆ ನಿಂತ ನೀರು ಗಾಳಿಗೆ ಅಡ್ಡ ಆಗಿ ಗುಳುಕ್ ಅನ್ನುತ್ತೆ. ಇದಕ್ಕೆ ಸ್ಪ್ರಿಂಗು, ಪುಡಿ ಯಾವ್ದೂ ಆಗಲ್ಲ ತಮ್ಮ, ಇದೊಂದಕ್ಕೆ ಒಡೀಲೇಬೇಕು. ಆದ್ರೆ ಇಡೀ ನೆಲ ಅಲ್ಲ. ಕ್ಯಾಮೆರಾ ವೈರ್ ಮೇಲೆ ಅಳತೆ ಗುರುತು ಮಾಡಿ, ಅದೇ ಅಳತೆ ಒಳಗೆ ನೆಲದ ಮೇಲೆ ಎಳೀರಿ, ಹೊಟ್ಟೆ ಇರೋ ಜಾಗದ ಎರಡೋ ಮೂರೋ ಟೈಲ್ಸ್ ಸಾಕು. ಗ್ರೈಂಡರಲ್ಲಿ ಗ್ರೌಟ್ ಗೆರೆ ಕೊಯ್ದ ಮೇಲೆ ಉಳಿ ಇಡಬೇಕು, ಇಲ್ಲಾ ಪಕ್ಕದ ಟೈಲ್ಸೂ ಸೀಳುತ್ತೆ. ಹೊಸ ಪೈಪ್ ನಾಕಡಿಗೆ ಒಂದು ಇಂಚು ಇಳೀಲಿ, ಕೆಳಗೆ ಕಾಂಕ್ರೀಟ್ ಆಧಾರ ಹಾಕ್ಸಿ. ಮುಚ್ಚೋ ಮುಂಚೆ ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಿ, ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಅಂಕಲ್ ಸೀಲಿಂಗ್ ನೋಡ್ಕೊಳಿ. ಆಮೇಲೆ ಟೈಲ್ಸು. ಉಳಿದ ಟೈಲ್ಸ್ ಇದೆ ತಾನೆ?

ಹನುಮಂತನಗರ_ಮೇಲ್ಮನೆ

ಅಲ್ಲೇ ಇರೋದು ಸಾರ್ ಕಥೆ. ಮಿಕ್ಕಿದ್ದ ಒಂದೂವರೆ ಬಾಕ್ಸ್ "ಅಂಗಡಿಗೆ ರಿಟರ್ನ್ ಮಾಡ್ತೀವಿ" ಅಂತ ಕಂಟ್ರ್ಯಾಕ್ಟರ್ ಕಡೆಯವ್ರೇ ತಗೊಂಡೋದ್ರು.

ಬಿಸಿಬೇಳೆ_ಬಾಯ್

ಅಯ್ಯೋ ಗುರು. ಖಾಲಿ ಡಬ್ಬ ಆದ್ರೂ ಇದ್ಯಾ ನೋಡು, ಅದ್ರ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಇರುತ್ತೆ. ಅದೇ ಬ್ಯಾಚ್ ಸಿಗ್ಲಿಲ್ಲ ಅಂದ್ರೆ ಬಣ್ಣ ಒಂಚೂರು ಆ ಕಡೆ ಈ ಕಡೆ ಆಗುತ್ತೆ.

ಹನುಮಂತನಗರ_ಮೇಲ್ಮನೆ

ಖಾಲಿ ಡಬ್ಬದಲ್ಲಿ ಅಮ್ಮ ಹಳೇ ಪಾತ್ರೆ ತುಂಬಿ ಅಟ್ಟದ ಮೇಲೆ ಇಟ್ಟಿದಾರಂತೆ. ಏಣಿ ಇನ್ನೂ ಒಳಗಿಟ್ಟಿಲ್ಲ, ಹತ್ತಿ ನೋಡ್ತೀನಿ.